ಸಮುದ್ರಕ್ಕೆ ನೀರು ಬಿಟ್ಟವನು

ನಾಚಿಕೆಯ ಸಂಗತಿಯನ್ನು ಸುತ್ತಿ ಬಳಸದೆ ಒಂದೇ ಏಟಿಗೆ ಹೇಳಿ ಮುಗಿಸಬೇಕು ಎನ್ನುತ್ತಾಳೆ ನನ್ನ ಹೆಂಡತಿ ಭಾರತಿ. ಆಕೆಗೇನು, ಹೇಳುತ್ತಾಳೆ. ನಾಚಿಕೆ ನನ್ನದು. ಹಾಗಾಗಿ ಸ್ವಲ್ಪ ಸುತ್ತಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಬಳಗಾನೂರಿನ ಗಂಗಾಧರ. ಎಡದಂಡೆ ಕಾಲುವೆಯ ಒಂದು ಉಪಕಾಲುವೆಯ ಮೇಲೆ ಮೂವತ್ತೊಂದು ವರ್ಷ ಗೇಜ್ ಓದಿ ನಿವೃತ್ತನಾದವನು. ಕಾಲುವೆಯಲ್ಲಿ ಅಡಿ ಗುರುತು ಹಾಕಿದ ಕಲ್ಲು ಇರುತ್ತದಲ್ಲ, ಅದನ್ನು ನೋಡಿ ನೀರೆಷ್ಟಿದೆ ಎಂದು ಬರೆದು, ಸಾಹೇಬರು ಹೇಳಿದಷ್ಟು ಗೇಟು ಎತ್ತುವುದು, ಇಳಿಸುವುದು. ಕೆಲಸ ಕೇಳಲಿಕ್ಕೆ ಸಣ್ಣದು. ಆದರೆ ಗೇಟಿನ ಚಾವಿ ಯಾರ ಸೊಂಟದಲ್ಲಿದೆಯೋ ಅವನಿಗೆ ಎಂಟು ಹಳ್ಳಿಯವರು ನಮಸ್ಕಾರ ಹೊಡೆಯುತ್ತಾರೆ. ನಿವೃತ್ತನಾದ ಮರುದಿನ ಚಾವಿ ಇನ್ನೊಬ್ಬನ ಸೊಂಟಕ್ಕೆ ಹೋಯಿತು, ನಮಸ್ಕಾರಗಳೂ ಅದರ ಹಿಂದೆಯೇ ಹೋದವು. ಅಂದಿನಿಂದ ನನಗೆ ಸ್ವಲ್ಪ ದೊಡ್ಡದಾಗಿ ಮಾತಾಡುವ ಚಟ ಅಂಟಿಕೊಂಡಿದೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಮಸ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ಇಶ್ತಿಯಾಕನ ಚಹಾದಂಗಡಿ ಇದೆ. ಅಲ್ಲಿ ಕೂತಿದ್ದಾಗ ಮಗಳು ಅನುಪಮಾಳ ಫೋನು ಬಂತು. ಆಕೆ ನಮಗೆ ಒಬ್ಬಳೇ. ಕರಾವಳಿಯಲ್ಲಿ ಸಣ್ಣಕೋಡಿ ಎಂಬ ಚಿಕ್ಕ ಊರಿನ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿಯಾಗಿ ಎರಡು ವರ್ಷವಾಗಿತ್ತು.

"ಅಪ್ಪಾ, ಬರೋ ವಾರ ಬರತೀನಿ ಅಂದಿದ್ಯಲ್ಲ, ಬ್ಯಾಡ. ಹದಿನೈದು ದಿನ ತಡದು ಬಾ. ಊರಿಗೆ ಕಮಿಟಿ ಬರಾಕತ್ತೈತಿ. ನನಗ ಊಟಕ್ಕೂ ಪುರಸೊತ್ತಿಲ್ಲ."

ಫೋನಿಟ್ಟೆ. ಅಂಗಡಿಯಲ್ಲಿದ್ದ ಹತ್ತು ಹನ್ನೆರಡು ಜನ ನನ್ನ ಬಾಯನ್ನೇ ನೋಡುತ್ತಿದ್ದರು. "ಏನಂತ್ರೀ ಮಗಳು?" ಎಂದ ಇಶ್ತಿಯಾಕ್. ಬರಬೇಡ ಅಂದಳು ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು, ನೀವೇ ಹೇಳಿ.

"ಕಮಿಟಿ ಬರಾಕತ್ತೈತಂತ," ಎಂದೆ. "ನೀರಿನ ವಿಷಯ. ಅಪ್ಪಾ, ನೀನ ಬರಬೇಕು, ನಿನ್ನಂಥ ತಜ್ಞರು ಈ ಕಡೆ ಯಾರೂ ಇಲ್ಲ ಅನ್ನಾಕತ್ಯಾಳ."

ವಳಕಮದಿನ್ನಿಯ ಚನ್ನವೀರ ಗ್ಲಾಸು ಕೆಳಗಿಟ್ಟ. ಅವನ ಹೊಲ ನನ್ನ ಕಾಲುವೆಯ ಕಟ್ಟಕಡೆಗೆ ಇದೆ. ಮೂವತ್ತೊಂದು ವರ್ಷ ನೀರು ಬರಲಿಲ್ಲವೆಂದು ನನ್ನನ್ನು ಬೈದು, ಈಗ ಬೈಯಲು ಕಾರಣವಿಲ್ಲದೆ ಗೆಳೆಯನಾಗಿದ್ದವನು. "ಸಮುದ್ರದಾಗೂ ನೀರಿನ ತ್ರಾಸ ಐತೇನ್ರೀ?" ಎಂದ.

"ನೀರು ಇದ್ದರ ಆತೇನೋ? ನಡಸಾಕ ಬರಬೇಕು."

"ಹಂಗಾದ್ರ ನಡೀರಿ," ಎಂದು ಎದ್ದೇಬಿಟ್ಟ ಮುಕ್ತಿಯಾರ್. ಮಸ್ಕಿ-ಸಿಂಧನೂರು ನಡುವೆ ಕ್ರೂಸರ್ ಹೊಡೆಯುವವನು ಅವನು. "ಗಾಡಿ ನಂದು. ಡೀಸೆಲ್ ಕೂಡಿ ಹಾಕೋಣ. ನಾ ಹುಟ್ಟಿದಾಗಿಂದ ಸಮುದ್ರ ನೋಡಿಲ್ಲ. ನಿಮ್ಮಂಥ ತಜ್ಞರ ಜೋಡಿ ನೋಡಿದ್ರ ಅದರ ಇಜ್ಜತ್ತ ಬ್ಯಾರೆ."

ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇಶ್ತಿಯಾಕ್ ತನ್ನ 'ಮಸ್ಕಿ ಸುತ್ತಮುತ್ತ' ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿಯಾಗಿತ್ತು. ಕೈ ಮುಗಿಯುವ ಚಿತ್ರಗಳು ನಲವತ್ತು ಬಂದವು.

ಮನೆಯಲ್ಲಿ ಭಾರತಿ ಎಲ್ಲವನ್ನೂ ಕೇಳಿ, "ಆಕಿ ಬರಬ್ಯಾಡ ಅಂದಾಳ. ನೀವು ಊರ ಮಂದೀನ ಕಟಕೊಂಡು ಹೊಂಟೀರಿ. ಭಾಳ ಛಲೋ ಆತು," ಎಂದಳು. ಆದರೂ ಐವತ್ತು ಕಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿಕೊಂಡು ತಾನೂ ಹೊರಟಳು. ಮಗಳನ್ನು ನೋಡುವ ಆಸೆ ಆಕೆಗೂ ಇತ್ತು.

ಲಿಂಗಸುಗೂರು ದಾಟಿ, ರಾತ್ರಿಯಿಡೀ ಕುಲುಕಾಡಿ, ಘಟ್ಟ ಇಳಿದು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸಣ್ಣಕೋಡಿ ಮುಟ್ಟಿದೆವು. ಅದು ಹೊಳೆಯೊಂದು ಸಮುದ್ರಕ್ಕೆ ಸೇರುವ ಜಾಗ. ಹೊಳೆ ದಂಡೆ ತುಂಬಿ ನಿಂತಿತ್ತು, ದೋಣಿಗಳು ತೇಲುತ್ತಿದ್ದವು. ಚನ್ನವೀರ ಇಳಿದವನೇ ನೀರನ್ನು ನೋಡಿ ಸುಮ್ಮನೆ ನಿಂತುಬಿಟ್ಟ. ಕಾಲುವೆಯ ಕೊನೆಯಲ್ಲಿ ಇಷ್ಟು ನೀರನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಪಂಚಾಯಿತಿ ಕಟ್ಟಡದ ಹಿಂದೆಯೇ ಅನುಪಮಾಳ ಬಾಡಿಗೆ ಮನೆ. ಕೈಯಲ್ಲಿ ಫೈಲು ಹಿಡಿದು ಹೊರಬಂದವಳು ನಮ್ಮ ನಾಲ್ವರನ್ನೂ, ಕ್ರೂಸರನ್ನೂ, ರೊಟ್ಟಿಯ ಗಂಟನ್ನೂ ನೋಡಿದಳು.

"ಅಪ್ಪಾ, ಬರಬ್ಯಾಡ ಅಂದಿದ್ನಲ್ಲ!"

ಚನ್ನವೀರನೂ ಮುಕ್ತಿಯಾರನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಕೆಲಸದ ಒತ್ತಡ," ಎಂದು ಅವರಿಗೆ ತಗ್ಗಿದ ದನಿಯಲ್ಲಿ ವಿವರಿಸಿದೆ. "ಕರದದ್ದು ಮರತಾಳ."

ಸಿಟ್ಟು ಒಂದು ಕಡೆ, ಅಪ್ಪ ಅವ್ವ ಬಂದ ಸಂತೋಷ ಒಂದು ಕಡೆ. ಅನ್ನ ಬಡಿಸುತ್ತಾ ಎಲ್ಲವನ್ನೂ ಹೇಳಿದಳು. ಕರಾವಳಿಯ ಸಣ್ಣ ಊರುಗಳಿಗೆ 'ಸುಖವಾಸಿ' ಎಂಬ ಒಂದು ಯೋಜನೆ ಬಂದಿದೆಯಂತೆ. ಹವಾಮಾನ ಹೇಗಿದೆ, ಹೊರಗೆ ಆಡಲು ಓಡಾಡಲು ಏನಿದೆ, ಜನ ಬದುಕಲು ಊರು ಯೋಗ್ಯವೇ, ಹೀಗೆ ಮೂರು ವಿಷಯಕ್ಕೆ ಕಮಿಟಿ ಅಂಕ ಕೊಡುತ್ತದಂತೆ. ಆರಿಸಿ ಬಂದ ಊರಿಗೆ ದೋಣಿಗಟ್ಟೆ, ನಡೆಯುವ ದಾರಿ, ವೈದ್ಯರಿರುವ ದವಾಖಾನೆ ಬರುತ್ತದೆ. ಮರುದಿನ ಹನ್ನೊಂದೂವರೆಗೆ ದೋಣಿ ವಿಹಾರ. ಸಂಜೆ ಗಜನಿಯಲ್ಲಿ ಸೀಗಡಿ ಹಿಡಿಯುವುದನ್ನು ತೋರಿಸುವುದು.

ಗಜನಿ ಎಂದರೆ ಹೊಳೆಯ ಪಕ್ಕದ ಉಪ್ಪುನೀರಿನ ಗದ್ದೆ. ಮಳೆಗಾಲ ಮುಗಿದ ಮೇಲೆ ನೀರು ಕಟ್ಟಿ ಸೀಗಡಿ ಬೆಳೆಸುತ್ತಾರೆ. ಪ್ರತಿವರ್ಷ ಅದನ್ನು ಒಬ್ಬ ಗುತ್ತಿಗೆದಾರನೇ ಹಿಡಿಯುತ್ತಿದ್ದನಂತೆ. ಈ ವರ್ಷ ಅನುಪಮಾ ಮಾಲೀಕರ ಮನೆಮನೆ ತಿರುಗಿ, ದುರ್ಗಾದೇವಿ ಎಂಬ ಹೆಂಗಸಿನ ಮಹಿಳಾ ಸಂಘಕ್ಕೆ ಕೊಡಿಸಿದ್ದಳು. ಈ ಹುಣ್ಣಿಮೆಯ ಸೀಗಡಿ ಚೆನ್ನಾಗಿ ಬಂದರೆ ಗಜನಿ ಮುಂದಿನ ವರ್ಷವೂ ಸಂಘಕ್ಕೆ, ಇಲ್ಲದಿದ್ದರೆ ಮತ್ತೆ ಗುತ್ತಿಗೆದಾರನಿಗೆ. "ಘಟ್ಟದ ಮ್ಯಾಲಿನಾಕಿ ನಮಗೇನು ಹೇಳ್ತಾಳ ಅಂತಿದ್ರು ಅಪ್ಪಾ. ಈಗ ದುರ್ಗಕ್ಕ ನನ್ನ ಮಾತು ನಂಬ್ಯಾರ," ಎಂದಳು.

ಭಾರತಿ ಇದನ್ನೆಲ್ಲ ಕಿವಿಗೊಟ್ಟು ಕೇಳಿದಳು. ನಾನು ಮೂವತ್ತೊಂದು ವರ್ಷ ರೈತರ ಅಹವಾಲು ಕೇಳಿದ ಹಾಗೆ ಕೇಳಿದೆ. ಎಂದರೆ, ಹೂಂ ಹೂಂ ಎನ್ನುತ್ತಾ ಅನ್ನ ಕಲಸಿದೆ. ಇಲ್ಲಿ ನಿಮಗೆ ಇಷ್ಟು ಸರಿಯಾಗಿ ಹೇಳಿದೆನಲ್ಲ, ಇದೆಲ್ಲ ಆಮೇಲೆ ಭಾರತಿಯಿಂದ ಕೇಳಿಕೊಂಡದ್ದು.

"ನಾಳಿ ಯಾರ ಮುಂದೂ ಏನೂ ಮಾತಾಡಬ್ಯಾಡ ಅಪ್ಪಾ. ಕೈ ಮುಗೀತೀನಿ."

"ನಾ ಯಾಕ ಮಾತಾಡ್ಲಿ? ನನಗ ಚಟ ಐತೇನು?" ಎಂದೆ.

ರಾತ್ರಿಯೆಲ್ಲ ಕೂತು ಬಂದ ದೇಹ. ಉಂಡು ಮಲಗಿದವರು ಮರುದಿನ ಬೆಳಿಗ್ಗೆಯೇ ಎದ್ದೆವು. ನಿದ್ದೆ ಎನ್ನುವುದಕ್ಕಿಂತ ಅದನ್ನು ಬೆವರಿನಲ್ಲಿ ನೆನೆದದ್ದು ಎನ್ನಬೇಕು. ನಮ್ಮ ಕಡೆ ಬಿಸಿಲು ಹೊರಗಿನಿಂದ ಸುಡುತ್ತದೆ, ಲೆಕ್ಕ ನೇರ. ಇಲ್ಲಿ ನೆರಳಲ್ಲಿ ಕೂತವನು ಒಳಗೇ ಬೇಯುತ್ತಾನೆ. ಚನ್ನವೀರ ಬನಿಯನ್ನು ಬಿಚ್ಚಿ ಹಿಂಡಿ, "ಇದರ ಮ್ಯಾಲ ಒಂದು ಮಡಿ ಮೆಣಸಿನಗಿಡ ಬರ್ತಾವ ನೋಡ್ರಿ," ಎಂದ.

ಮೂವರೂ ಗಾಳಿಗೆಂದು ಹೊಳೆಯ ದಂಡೆಗೆ ಹೋದೆವು. ಹೋಗಿ ನೋಡಿದರೆ ಹೊಳೆಯೇ ಇಲ್ಲ.

ನಿನ್ನೆ ದಂಡೆ ತುಂಬಿದ್ದ ನೀರು ಎಲ್ಲಿ ಹೋಯಿತೋ! ಉದ್ದಕ್ಕೂ ಕೆಸರು. ದೋಣಿಗಳು ಒಂದು ಮಗ್ಗುಲಿಗೆ ಒರಗಿ ಬಿದ್ದಿದ್ದವು. ನಡುವೆ ಒಂದು ಕಾಲುದಾರಿಯಷ್ಟು ಅಗಲ ನೀರು ಹರಿಯುತ್ತಿತ್ತು, ಅಷ್ಟೆ. ನಾನು ಗಡಿಯಾರ ನೋಡಿದೆ. ಹನ್ನೊಂದೂವರೆಗೆ ದೋಣಿ ವಿಹಾರ, ಈಗ ಗಂಟೆ ಆರೂವರೆ.

"ಬಂದ್ ಮಾಡ್ಯಾರ," ಎಂದ ಚನ್ನವೀರ. ಈ ವಿಷಯದಲ್ಲಿ ಅವನಿಗಿಂತ ಅನುಭವಿ ಯಾರಿದ್ದಾರೆ? "ರಾತ್ರೋರಾತ್ರಿ ಮ್ಯಾಲಿನವರು ಬಂದ್ ಮಾಡ್ಯಾರ. ಪೂರಾ ನಮ್ಮ ಕಾಲುವಿ ಆಟನ ಇದು."

ಕೆಸರಿನಲ್ಲಿ ಒಬ್ಬ ಹೆಂಗಸು ಬಗ್ಗಿ ಚಿಪ್ಪು ಆರಿಸುತ್ತಿದ್ದಳು. ನಾನು ಇಲಾಖೆಯ ಗತ್ತಿನಲ್ಲಿ ಕೇಳಿದೆ, "ಯವ್ವಾ, ನೀರು ಎಲ್ಲಿ ಹೋತು?"

"ಇಳಿತ ಅಲ್ರಾ ಈಗ?" ಎಂದಳು ತಲೆಯೆತ್ತದೆ. "ಹನ್ನೊಂದು ಗಂಟೆಗೆ ಎಲ್ಲ ತುಂಬ್ತದೆ. ಎಂತ ಗಡಿಬಿಡಿ?"

ಹನ್ನೊಂದಕ್ಕೆ ತುಂಬುತ್ತದಂತೆ! ನಾನೂ ಚನ್ನವೀರನೂ ಒಟ್ಟಿಗೇ ನಕ್ಕೆವು. ಇಷ್ಟು ಗಂಟೆಗೆ ನೀರು ಬರುತ್ತದೆ ಎಂದು ಮೂವತ್ತೊಂದು ವರ್ಷ ನಾನು ಹೇಳಿದ್ದೇನೆ, ಅವನು ಕೇಳಿದ್ದಾನೆ. ಒಂದು ದಿನವೂ ಆ ಗಂಟೆಗೆ ಬಂದದ್ದಿಲ್ಲ. ಪಾಪ, ಇಲ್ಲಿಯ ಬಡವರನ್ನೂ ಯಾರೋ ಅದೇ ಮಾತಿನಿಂದ ಕೂರಿಸಿದ್ದಾರೆ ಎಂದುಕೊಂಡೆ. ಸಮುದ್ರ ಏರುತ್ತದೆ ಇಳಿಯುತ್ತದೆ ಎಂದು ಏಳನೇ ತರಗತಿಯ ಪುಸ್ತಕದಲ್ಲಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನೀರು ಎಂದರೆ ಮೇಲಿನಿಂದ ಯಾರೋ ಬಿಡುವುದು, ಬಿಟ್ಟಾಗ ಬರುವುದು. ಕೆಳಗಿನಿಂದ ತಾನೇ ತಾನಾಗಿ ಮೇಲಕ್ಕೆ ಬರುತ್ತದೆ ಎಂದರೆ ಕಾಲುವೆಯ ಮೇಲೆ ಬದುಕಿದವನ ತಲೆಗೆ ಅದು ಹೇಗೆ ಇಳಿಯಬೇಕು?

"ಸಾಹೇಬ್ರ, ನಿಮ್ಮ ಮಗಳ ಇಜ್ಜತ್ ಪ್ರಶ್ನೆ," ಎಂದ ಮುಕ್ತಿಯಾರ್. "ಏನರ ಮಾಡ್ರಿ."

ಸಾಹೇಬ್ರು ಎಂದು ಯಾರಾದರೂ ಕರೆದು ಮೂರು ವರ್ಷವಾಗಿತ್ತು. ದಂಡೆ ಹಿಡಿದು ಮೇಲಕ್ಕೆ ನಡೆದೆ. ಅರ್ಧ ಮೈಲಿಯಲ್ಲಿ ನಾನು ಊಹಿಸಿದ್ದೇ ಸಿಕ್ಕಿತು. ಒಂದು ಕಟ್ಟೆ, ಕಟ್ಟೆಯಲ್ಲಿ ಒಂದು ತೂಬು, ತೂಬಿಗೆ ಒಂದರ ಮೇಲೊಂದು ಹಲಗೆ ಇಳಿಸಿ ಬಿಗಿ ಮಾಡಿದ್ದಾರೆ. ಒಳಗೆ ಗದ್ದೆಯ ಮೇಲೆ ಗದ್ದೆ, ಎಲ್ಲ ತುಳುಕುವಷ್ಟು ನೀರು. ಹೊರಗೆ ಕೆಸರು, ಬಿದ್ದ ದೋಣಿಗಳು.

"ನೋಡ್ರೀ!" ಎಂದು ಕೂಗಿದ ಚನ್ನವೀರ. ಅವನ ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳುತ್ತಿಲ್ಲ. "ಒಬ್ಬ ತುಂಬಿಕೊಂಡು ಕುಂತಾನ, ಕೆಳಗಿನವರು ಒಣಗಾಕತ್ಯಾರ! ಇಲ್ಲೂ ಅದನ! ಸಮುದ್ರದ ಮಗ್ಗಲಕೂ ಅದನ! ಎತ್ರೀ ಗಂಗಾಧರಪ್ಪ, ಜನ್ಮದಾಗ ಒಮ್ಮೆರ ಕೆಳಗಿನವರ ಸಲುವಾಗಿ ಗೇಟು ಎತ್ರೀ!"

ಅಂಥ ಮಾತಿಗೆ ಯಾವ ಗೇಜ್ ರೀಡರ್ ಸುಮ್ಮನಿರುತ್ತಾನೆ? ಮುಕ್ತಿಯಾರ್ ಕ್ರೂಸರಿನಿಂದ ಜಾಕಿನ ರಾಡು ತಂದ. ಅದನ್ನು ಸಂದಿಗೆ ಕೊಟ್ಟು ಮೀಟಿ, ಮೇಲಿನ ಹಲಗೆ ಎತ್ತಿದೆವು, ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ನೀರು ಭೋರೆಂದು ಹೊರಗೆ ನುಗ್ಗಿತು. ಆ ಸದ್ದು ಕೇಳಿ ನನ್ನ ವಯಸ್ಸು ಹತ್ತು ವರ್ಷ ಇಳಿಯಿತು. ಚನ್ನವೀರ ಫೋನಿನಲ್ಲಿ ಎಲ್ಲ ಹಿಡಿಯುತ್ತಿದ್ದ.

"ನೀರಾಗ ಏನೋ ಹುಳಾ ಜಿಗ್ಯಾಕತ್ತಾವಲ್ರೀ," ಎಂದ ಮುಕ್ತಿಯಾರ್ ಬಗ್ಗಿ ನೋಡಿ. "ಸಾವಿರ ಅದಾವ. ಮೀಸಿ ಬ್ಯಾರೆ ಅದಾವ ಅವಕ್ಕ."

"ನಿಂತ ನೀರಲ್ಲೇನೋ, ಹುಳಾ ಬಿದ್ದಾವ," ಎಂದೆ. "ಹೋಗ್ಲಿ ಬಿಡು. ನೀರು ಸ್ವಚ್ಛ ಆಗ್ತೈತಿ."

ಈ ವಾಕ್ಯ ಫೋನಿನಲ್ಲಿ ನನ್ನ ದನಿಯಲ್ಲಿ ಸ್ಪಷ್ಟವಾಗಿ ದಾಖಲಾಗಿದೆ. ಈಗಲೂ ಅದನ್ನು ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ.

ಮನೆಗೆ ಬಂದು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಏನೂ ಗೊತ್ತಿಲ್ಲದವನಂತೆ ಕೂತೆ. ಅನುಪಮಾ ಆಗಲೇ ಪೆಂಡಾಲಿನ ಕೆಲಸಕ್ಕೆ ಹೋಗಿದ್ದಳು. ಹತ್ತೂವರೆಗೆ ದಂಡೆಗೆ ಹೋದರೆ ಹೊಳೆ ಮುಕ್ಕಾಲು ತುಂಬಿದೆ! ಹನ್ನೊಂದಕ್ಕೆ ಪೂರಾ! ಬಿದ್ದಿದ್ದ ದೋಣಿಗಳು ಎದ್ದು ನಿಂತು ಕುಣಿಯುತ್ತಿದ್ದವು. ಚನ್ನವೀರ ನನ್ನ ಕಾಲು ಮುಟ್ಟಿದ. ನನ್ನ ಕಾಲುವೆಯ ಕೊನೆಯ ರೈತ, ನನ್ನ ಕಾಲನ್ನು! "ಬಿಟ್ಟ ನೀರಿಗಿಂತ ಬಂದ ನೀರು ಹೆಚ್ಚಾತಲ್ಲೋ," ಎಂದು ನನಗೇ ಒಂದು ಸಣ್ಣ ಅನುಮಾನ ಬಂದದ್ದು ನಿಜ. ಹೊಗಳಿಕೆಯ ನಡುವೆ ಅಂಥ ಅನುಮಾನಗಳನ್ನು ಯಾರು ಮಾತಾಡಿಸುತ್ತಾರೆ? ವಿಡಿಯೋ ಮಸ್ಕಿಗೆ ಹೋಯಿತು. 'ನಮ್ಮ ಗಂಗಾಧರಪ್ಪನವರು ಸಮುದ್ರಕ್ಕೆ ನೀರು ಬಿಟ್ಟರು' ಎಂದು ಇಶ್ತಿಯಾಕ್ ಅದಕ್ಕೆ ತಲೆಬರಹ ಕೊಟ್ಟ.

ಕಮಿಟಿಯವರು ಮೂರು ಜನ. ದೊಡ್ಡ ಟೋಪಿ ಹಾಕಿಕೊಂಡ ಅಧ್ಯಕ್ಷರು ಕಾರಿನಿಂದ ಇಳಿದವರೇ ಎದುರಿಗೆ ಸಿಕ್ಕ ಚನ್ನವೀರನನ್ನು ಊರವನೆಂದು ತಿಳಿದು, "ಇಲ್ಲಿನ ಹವಾಮಾನ ನಿಮಗೆ ಹೇಗನ್ನಿಸುತ್ತದೆ?" ಎಂದರು. "ಹಿಂಡಬೇಕ್ರೀ," ಎಂದ ಚನ್ನವೀರ. ಅಧ್ಯಕ್ಷರು ಅದನ್ನು ಬರೆದುಕೊಂಡರು.

ದೋಣಿ ವಿಹಾರ ಮುಕ್ಕಾಲು ಗಂಟೆ ನಡೆಯಿತು. ದೋಣಿಗಳು ಮರಳಿದಾಗ ಅಧ್ಯಕ್ಷರ ಮುಖ ಅರಳಿತ್ತು. ದಂಡೆಯಲ್ಲಿ ಊರೇ ಸೇರಿತ್ತು. ಸಂಘದ ಹೆಂಗಸರು ಎಳನೀರು ಹಿಡಿದು ನಿಂತಿದ್ದರು. ಮುಂದೆ ನಿಂತಿದ್ದವಳೇ ದುರ್ಗಾದೇವಿ. ಬೆಳಿಗ್ಗೆ ಚಿಪ್ಪು ಆರಿಸುತ್ತಿದ್ದ ಹೆಂಗಸು ಅವಳೇ ಎಂದು ಆಗ ತಿಳಿಯಿತು.

"ಎಂಥ ತುಂಬಿದ ಹೊಳೆ!" ಎಂದರು ಅಧ್ಯಕ್ಷರು.

"ಹೌದು ಸರ್," ಎಂದಳು ಅನುಪಮಾ. "ಉಬ್ಬರದ ಹೊತ್ತು ನೋಡಿಯೇ ಹನ್ನೊಂದೂವರೆ ಇಟ್ಟಿದ್ದು."

ಪಾಪದ ಹುಡುಗಿ, ಏನೂ ಗೊತ್ತಿಲ್ಲ, ಎಂದುಕೊಂಡೆ. ನನ್ನ ಹಿಂದಿನಿಂದ ಮುಕ್ತಿಯಾರ್ ಬೆರಳಿನಿಂದ ಬೆನ್ನು ತಿವಿಯುತ್ತಿದ್ದ. ಹೆಸರು ಹೇಳದೆ ಉಪಕಾರ ಮಾಡುವಷ್ಟು ದೊಡ್ಡವನು ನಾನಲ್ಲ. ಮುಂದೆ ಹೋಗಿ ಕೈ ಮುಗಿದೆ.

"ನಮಸ್ಕಾರ ಸರ್. ನಾನು ಗಂಗಾಧರ. ರಾಯಚೂರು ಜಿಲ್ಲೆಯ ಜಲತಜ್ಞ."

ಅನುಪಮಾಳ ಮುಖ ಬಿಳಿಚಿತು. ನಾನದನ್ನು ಹೆಮ್ಮೆಯ ಬಿಳುಪು ಎಂದುಕೊಂಡೆ.

"ಬೆಳಗ್ಗೆ ಈ ಹೊಳೆಯೊಳಗ ಹನಿ ನೀರು ಇರಲಿಲ್ಲ ಸರ್. ಮ್ಯಾಲೆ ಯಾರೋ ಸ್ವಾರ್ಥಿಗಳು ತೂಬು ಬಂದ್ ಮಾಡಿ, ನೀರು ಹಿಡಕೊಂಡು ಕುಂತಿದ್ರು. ನಾನ ಸ್ವತಃ ಹೋಗಿ, ಮೂರೂ ಹಲಗಿ ಎತ್ತಿ, ಪೂರಾ ಖಾಲಿ ಮಾಡಿ ಬಿಟ್ಟೆ. ಅದನ ಈ ನೀರು!"

ಚಪ್ಪಾಳೆ ಬರುತ್ತದೆ ಎಂದು ನಿಂತೆ. ಚನ್ನವೀರನೊಬ್ಬನೇ ಎರಡು ಸಲ ತಟ್ಟಿ, ಯಾರೂ ತಟ್ಟದ್ದು ಕಂಡು ಕೈ ನಿಲ್ಲಿಸಿದ. ದುರ್ಗಾದೇವಿಯ ಕೈಯಿಂದ ಎಳನೀರು ಕೆಳಗೆ ಬಿತ್ತು.

"ತೂಬಿನ ಜಂತ್ರಡಿ ಹಲಗೆ ತೆಗ್ದ್ರಾ?" ಎಂದಳು. "ನಮ್ಮ ಗಜನಿದಾ?"

ಉತ್ತರಕ್ಕೆ ಕಾಯದೆ ಓಡಿದಳು. ಹೆಂಗಸರೆಲ್ಲ ಅವಳ ಹಿಂದೆ ಓಡಿದರು, ಅವರ ಹಿಂದೆ ಊರು, ಊರ ಹಿಂದೆ ಟೋಪಿ ಹಿಡಿದುಕೊಂಡು ಕಮಿಟಿ. ನಾನೂ ಹೋದೆ. ಗಜನಿ ಸಮುದ್ರದ ನೀರು ಬಂದು ಮತ್ತೆ ತುಂಬಿಕೊಂಡಿತ್ತು. ನೋಡಲಿಕ್ಕೆ ಬೆಳಿಗ್ಗೆ ಇದ್ದಂತೆಯೇ ಇತ್ತು. ದುರ್ಗಾದೇವಿ ಮೊಣಕಾಲುದ್ದ ನೀರಿಗಿಳಿದು ಕೈಬಲೆ ಎಳೆದಳು, ಬಲೆಯಲ್ಲಿ ಎರಡು ಎಲೆ ಬಂದವು. ಮತ್ತೆ ಎಳೆದಳು. ಮತ್ತೆ ಎಳೆದಳು. ಆಮೇಲೆ ಬಲೆಯನ್ನು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಗುಳ ತಿಂದೇ ಪಿಂಚಣಿ ಗಳಿಸಿದವನು ನಾನು. ಆಕೆ ಬಲೆಗೆ ಸಿಕ್ಕ ಎಲೆಗಳನ್ನು ಬಿಡಿಸತೊಡಗಿದಳು. ಮೀಸೆಯ ಹುಳುಗಳೆಂದರೆ ಏನೆಂದು ನನಗೆ ಆಗ ಹೊಳೆಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಅಲ್ಲಿಯ ನೆಲವೋ ಕೆಸರು, ಅಷ್ಟು ಮಾಡಿದ್ದರೂ ಸಾಕಿತ್ತು.

"ಯಾರು ಇವ?" ಎಂದ ಒಬ್ಬ ಮೀನುಗಾರ. "ಘಟ್ಟದ ಮೇಲಿನವ. ಯಾರ ಮನೆಗೆ ಬಂದವ?"

"ಗುತ್ತಿಗೆದಾರನೇ ಕಳಿಸಿದವನಿರ್ಬೇಕು," ಎಂದ ಇನ್ನೊಬ್ಬ. "ಕೇಳಿ ಮರಾಯ್ರೆ, ಯಾರ ಕಡೆಯವ ಅಂತ ಕೇಳಿ!"

ತಿರುಗಿ ನೋಡಿದರೆ ಚನ್ನವೀರನೂ ಇಲ್ಲ, ಮುಕ್ತಿಯಾರನೂ ಇಲ್ಲ. ಎಲ್ಲರೂ ನನ್ನನ್ನು ಸುತ್ತುಗಟ್ಟಿದ್ದರು. ನಾಲ್ಕು ಮಾರು ಆಚೆ ಅನುಪಮಾ ಫೈಲನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ನಾನು ಅವಳ ಅಪ್ಪನೆಂದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಲತಜ್ಞನಾಗುವ ಅವಸರದಲ್ಲಿ ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ನಾನು ಯಾರ ಕಡೆಯವನೂ ಅಲ್ರೀ," ಎಂದೆ. "ಸುಮ್ಮನ ಸಮುದ್ರ ನೋಡಾಕ ಬಂದಾವ. ಇಲ್ಲಿ ನನಗ ಯಾರೂ ಗುರ್ತಿಲ್ಲ."

ಅವಳನ್ನು ಉಳಿಸಲು ಹಾಗೆ ಹೇಳಿದೆನೋ, ನನ್ನ ಚರ್ಮ ಉಳಿಸಿಕೊಳ್ಳಲು ಹೇಳಿದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಅನುಪಮಾ ಜನರನ್ನು ಸರಿಸಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಇವರು ನಮ್ಮ ಅಪ್ಪ," ಎಂದಳು. "ನಮ್ಮ ಮನೆಗೇ ಬಂದವರು. ದುರ್ಗಕ್ಕ, ತಪ್ಪು ನಮ್ಮ ಮನೆಯದು."

ಅಧ್ಯಕ್ಷರಿಗೆ ಹಾಳೆಯಲ್ಲಿ ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಹೋಗುವ ಅಧಿಕಾರ ಅವರಿಗೂ ಇರಲಿಲ್ಲವೋ ಏನೋ. ದುರ್ಗಾದೇವಿಯ ಎದುರು ಬಗ್ಗಿ, "ಅಮ್ಮಾ, ಈ ಊರು ಬದುಕಲು ಯೋಗ್ಯವೆಂದು ನಿಮಗೆ ಅನ್ನಿಸುತ್ತದೆಯೇ?" ಎಂದರು.

ಆಕೆ ನನ್ನನ್ನೊಮ್ಮೆ, ಅನುಪಮಾಳನ್ನೊಮ್ಮೆ ನೋಡಿದಳು. "ಇವತ್ತು ಕೇಳ್ಬೇಡಿ," ಎಂದಳು.

ಕಮಿಟಿ ಊಟ ಮಾಡದೆ ಹೊರಟುಹೋಯಿತು. ಅಂಕ ಎಷ್ಟು ಬಿತ್ತೋ ಇನ್ನೂ ತಿಳಿಸಿಲ್ಲ. ಗಜನಿಯ ವಿಷಯ ಮುಂದಿನ ತಿಂಗಳು ಯೋಚಿಸುತ್ತೇವೆ ಎಂದರಂತೆ ಮಾಲೀಕರು. ಸಂಜೆ ಇಳಿತಕ್ಕೆ, ಹೊರಹೋಗುವ ನೀರಿನಲ್ಲಿ ಬರುವ ಸೀಗಡಿ ಹಿಡಿಯಲು, ಹೆಂಗಸರು ತೂಬಿಗೆ ಬಲೆ ಕಟ್ಟಿಯೇ ಕಟ್ಟಿದರು. ಹತ್ತು ಬುಟ್ಟಿ ತುಂಬಬೇಕಾಗಿದ್ದಲ್ಲಿ ಒಂದು ಬುಟ್ಟಿಯ ತಳ ಮುಚ್ಚಿತಂತೆ. ನಾನು ನೋಡಲು ಹೋಗಲಿಲ್ಲ, ಹೋಗುವ ಮುಖ ನನಗಿರಲಿಲ್ಲ. ಭಾರತಿ ಹೋಗಿ ಹೆಂಗಸರ ಜೊತೆ ಕೂತು ಬಂದಳು. ಚನ್ನವೀರ ಮತ್ತು ಮುಕ್ತಿಯಾರ್ ಕ್ರೂಸರಿನ ಗಾಜು ಏರಿಸಿಕೊಂಡು ಒಳಗೆ ಬೆವರುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಅನುಪಮಾ ಬಂದು ಹೊಸ್ತಿಲ ಮೇಲೆ ಕೂತಳು. ನಾನು ಗೋಡೆಯ ಕಡೆ ನೋಡುತ್ತಾ ಹೇಳಿದೆ.

"ಯವ್ವಾ, ನೀ ಯಾಕ ಬಾಯಿ ಬಿಟ್ಟಿ? ನಾ ಯಾರಂತ ಅವರಿಗೆ ಗೊತ್ತಿರಲಿಲ್ಲ. ಎರಡು ಏಟು ಹೊಡದು ನನ್ನ ಓಡಿಸಿಬಿಡ್ತಿದ್ರು. ನಿನ್ನ ಹೆಸರು ಉಳೀತಿತ್ತು."

ಅವಳು ಬಹಳ ಹೊತ್ತು ಕಾಲಿನ ಕೆಸರು ಉಜ್ಜಿಕೊಂಡಳು.

"ನೀ ಹಲಗಿ ಎತ್ತಿದ್ದಕ್ಕ ನನಗ ಸಿಟ್ಟು ಬಂತು ಅಪ್ಪಾ. ಭಾಳ ಬಂತು. ಇನ್ನೂ ಐತಿ. ಆದ್ರ ನಾಚಿಕಿ ಆಗಲಿಲ್ಲ. ಗೊತ್ತಿಲ್ಲದ ಮಾಡಿದ್ದು." ನನ್ನ ಕಡೆ ತಿರುಗಿದಳು. "ಇಲ್ಲಿ ಯಾರೂ ಗುರ್ತಿಲ್ಲ ಅಂದ್ಯಲ್ಲ, ನಾ ಎದುರಿಗೇ ನಿಂತಿದ್ದೆ. ಆವಾಗ ಆತು."

ನನಗೆ ಅಳು ಬಂತು. ಅರವತ್ತಮೂರು ವರ್ಷದ ಗಂಡಸು ಮಗಳ ಮುಂದೆ ಅಳುವುದನ್ನು ಭಾರತಿ ಒಳಗಿನಿಂದ ನೋಡಿ, ಪಾತ್ರೆಯ ಕೆಲಸಕ್ಕೆ ಮರಳಿದಳು.

ಅಷ್ಟರಲ್ಲಿ ಫೋನು ಬಂತು. ಇಶ್ತಿಯಾಕ್. ಅವನ ಹಿಂದೆ ಮಸ್ಕಿಯ ಚಹಾದಂಗಡಿಯೇ ಗದ್ದಲ ಹಾಕುತ್ತಿತ್ತು.

"ಗಂಗಾಧರಪ್ಪನವರ, ಮುಬಾರಕ್! ವಿಡಿಯೋ ಸಿಂಧನೂರಿನ ತನಕ ಹೋಗೈತಿ! ನೀವು ಬಂದ ದಿನ ಸನ್ಮಾನ ಇಟ್ಟೀವಿ. ಶಾಲು ತಂದಾತು. ಬ್ಯಾನರ್‌ನಾಗ ನಿಮ್ಮ ಹೆಸರಿನ ಕೆಳಗ ಏನಂತ ಹಾಕಿಸ್ಲಿ? ಜಲತಜ್ಞ ಅಂತ ಹಾಕಿಸ್ಲೋ, ಕರಾವಳಿ ಭಗೀರಥ ಅಂತ ಹಾಕಿಸ್ಲೋ?"

"ಸನ್ಮಾನ ಬ್ಯಾಡ ಇಶ್ತಿಯಾಕ್," ಎಂದೆ. "ನಾ ನೀರು ಬಿಡಲಿಲ್ಲ. ಬಡವರ ಬೆಳಿ ಕಳದೀನಿ. ಗುಂಪಿನಾಗ ಅದನ್ನ ಹಾಕು."

"ಏ, ಎಂಥಾ ದೊಡ್ಡ ಗುಣ ನೋಡ್ರೋ!" ಎಂದು ಅವನು ಅಂಗಡಿಯವರಿಗೆ ಕೂಗಿ ಹೇಳಿದ. ಅಲ್ಲಿ ಚಪ್ಪಾಳೆ ಬಿತ್ತು. "ಅದೆಲ್ಲ ನಡಿಯಂಗಿಲ್ರೀ. ಬ್ಯಾನರ್‌ನವ ಎದುರಿಗೆ ನಿಂತಾನ. ಹೆಸರಿನ ಕೆಳಗ ಏನರ ಒಂದು ಹೇಳ್ರಿ."

ಹೊಸ್ತಿಲ ಮೇಲೆ ಅನುಪಮಾ ಮುಖ ತಿರುಗಿಸಿ ಕೂತಿದ್ದಳು.

"ಅನುಪಮಾನ ಅಪ್ಪ ಅಂತ ಹಾಕು."

"ಅಷ್ಟನ? ಬ್ಯಾರೆ ಏನೂ ಬ್ಯಾಡೇನ್ರೀ?"

"ಬ್ಯಾರೆ ಏನೂ ಇಲ್ಲಪ್ಪ," ಎಂದೆ. "ಇದನ್ನೂ ಇವತ್ತ ಕಳಕೊಂಡಿದ್ದೆ."